ಒಂದೇ ಶಬ್ದದ ಮೆಸೇಜಿಗೆ ಏನಂತ ಉತ್ತರ ಕೊಡಬೇಕು?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇನ್ನೂರರ ಹತ್ತಿರ ಮಂದಿ ಇದ್ದಾರೆ. ನಾನು ಅಡ್ಮಿನ್. ಬರುವ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಶಬ್ದದವು: ‘ಹೂಂ’, ‘ಓಕೆ’, ‘ನಳಾ?’, ‘ಬಂತು’, ‘ಯಾಕೆ?’, ಇಲ್ಲವೇ ಬರೀ ಹೆಬ್ಬೆರಳು. ಎಲ್ಲದಕ್ಕೂ ಉತ್ತರ ಕೊಟ್ಟರೆ ‘ಫೋನ್ ಒದರಿ ಒದರಿ ಸಾಕಾತು’ ಎಂದು ಹಿರಿಯರು ಗ್ರೂಪ್ ಬಿಡುತ್ತಾರೆ. ಕೊಡದಿದ್ದರೆ ‘ನಮಗೇನು ಕಿಮ್ಮತ್ತಿಲ್ಲೇನು?’ ಎನ್ನುತ್ತಾರೆ. ಗಣೇಶನ ಪಟ್ಟಿಯ (ಹಬ್ಬದ ಚಂದಾದ) ಮೆಸೇಜಿಗೆ ಹೆಬ್ಬೆರಳು ಒತ್ತಿದ್ದ ಒಬ್ಬರು ಆಮೇಲೆ ‘ಓದೇನಿ ಅಂತ ಒತ್ತಿದ್ದೆ, ಕೊಡ್ತೀನಿ ಅಂತಲ್ಲ’ ಎಂದರು, ಮಾತು ಬೆಳೆಯಿತು. ಖರ್ಚಿನ ಲೆಕ್ಕ ಹಾಕಿದಾಗ ಇನ್ನೊಬ್ಬರು ‘ಸುಳ್ಳು’ ಎಂದಷ್ಟೇ ಬರೆದರು. ಇಂಥವಕ್ಕೆಲ್ಲ ಉತ್ತರಿಸುವ ರೀತಿ ಯಾವುದು?

ಉತ್ತರ: ಮೆಸೇಜು ಎಷ್ಟು ಗಿಡ್ಡ ಇದೆ ಎಂದು ನೋಡುವುದನ್ನು ಮೊದಲು ಬಿಡಿ. ಅದು ಏನಕ್ಕಾದರೂ ಕಾಯುತ್ತಿದೆಯೋ ಇಲ್ಲವೋ ಎಂದು ನೋಡಿ. ‘ನಳಾ?’ ಎಂದವರು ಕಾಯುತ್ತಿದ್ದಾರೆ, ಕೊಡ ಖಾಲಿ ಇಟ್ಟುಕೊಂಡು ಕೂತಿದ್ದಾರೆ. ‘ಹೂಂ’ ಎಂದವರು ಸಾಮಾನ್ಯವಾಗಿ ಏನಕ್ಕೂ ಕಾಯುತ್ತಿಲ್ಲ. ಕಾಯುತ್ತಿರುವವರಿಗೆ ತಕ್ಷಣ ಮತ್ತು ಪೂರ್ತಿ ಉತ್ತರ ಸಿಗಬೇಕು. ಕಾಯದವರಿಗೆ ಉತ್ತರ ಕೊಡದಿರುವುದು ಅಗೌರವವಲ್ಲ. ನಿಮ್ಮ ಗ್ರೂಪಿನ ಹೆಚ್ಚಿನ ಕಿರಿಕಿರಿ ಇವೆರಡೂ ಅದಲುಬದಲಾಗಿರುವುದರಿಂದ ಹುಟ್ಟಿದ್ದು ಎಂದು ನಿಮ್ಮ ಪತ್ರ ಓದಿದಾಗ ಅನಿಸುತ್ತದೆ: ‘ಓಕೆ’ ಅಂದವರಿಗೆಲ್ಲ ‘ಧನ್ಯವಾದ’ ಹೋಗುತ್ತಿದೆ, ಪ್ರಶ್ನೆ ಕೇಳಿದವರಿಗೆ ‘ಬಂತು’ ಎಂಬ ಎರಡು ಅಕ್ಷರ ಸಿಗುತ್ತಿದೆ.

ಜನ ಯಾಕೆ ಇಷ್ಟು ಗಿಡ್ಡ ಬರೆಯುತ್ತಾರೆ ಎಂಬುದೂ ಗೊತ್ತಿರಬೇಕು, ಇಲ್ಲದಿದ್ದರೆ ಸುಮ್ಮನೆ ಸಿಟ್ಟು ಬರುತ್ತದೆ. ಕನ್ನಡ ಕೀಲಿಮಣೆಯಲ್ಲಿ ‘ಹೂಂ’ ಬರೆಯಲು ಮೂರು ಒತ್ತು ಸಾಕು. ‘ಧನ್ಯವಾದಗಳು’ ಬರೆಯಲು ಹತ್ತು ಬೇಕು, ಅದರಲ್ಲಿ ಒತ್ತಕ್ಷರಕ್ಕೆ ಅಂತಲೇ ಹಲಂತ ಹುಡುಕಿ ಒತ್ತಬೇಕು. ಚಾಳೀಸು ಹಾಕಿಕೊಂಡು, ಒಂದೇ ಬೆರಳಿನಿಂದ ಒತ್ತುವ ಎಪ್ಪತ್ತರ ಹಿರಿಯರಿಗೆ ಅದು ಸಣ್ಣ ಕೆಲಸವಲ್ಲ. ಅಂಗಡಿ ಗಲ್ಲೆಯ ಮೇಲೆ ಕೂತವರು, ಎರಡು ಸ್ಟಾಪಿನ ನಡುವೆ ಫೋನ್ ನೋಡುವ ಕಂಡಕ್ಟರು, ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದವರು, ಇವರೆಲ್ಲ ಬರೆಯುವುದು ಒಂದೇ ಶಬ್ದ. ಅದರಲ್ಲಿ ಉಡಾಫೆ ಇದೆ ಎಂದು ಮೊದಲೇ ತೀರ್ಮಾನಿಸಬೇಡಿ.

ಈಗ ಪ್ರಶ್ನೆಗಳಿಂದ ಶುರು ಮಾಡೋಣ. ದಿನ ಬಿಟ್ಟು ದಿನ ನೀರು ಬರುವ ಓಣಿಯಿಂದ ಹಿಡಿದು ವಾರಕ್ಕೊಮ್ಮೆ ಕಾಯುವ ಓಣಿಯವರೆಗೆ ಹುಬ್ಬಳ್ಳಿ-ಧಾರವಾಡದ ಗ್ರೂಪುಗಳಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ‘ನಳಾ ಬಂತೇನ್ರಿ?’ ಎಂಬುದೇ. ಅದು ಎಡವಟ್ಟಾಗುವ ರೀತಿ ನೋಡಿ. ಒಬ್ಬರು ‘ನಳಾ?’ ಎಂದು ಕೇಳುತ್ತಾರೆ. ಅರ್ಧ ನಿಮಿಷ ಬಿಟ್ಟು ಇನ್ನೊಬ್ಬರು ‘ಕರೆಂಟ್?’ ಎಂದು ಕೇಳುತ್ತಾರೆ. ಅದರ ಕೆಳಗೆ ಮೂರನೆಯವರು ‘ಬಂತು’ ಎಂದು ಬರೆಯುತ್ತಾರೆ. ಯಾವುದು ಬಂತು? ಬರೆದವರಿಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನೀರು ಎಂದು ತಿಳಿದವರು ಕೆಲಸದಿಂದ ಅರ್ಧ ತಾಸು ಬಿಡುವು ಕೇಳಿ ಮನೆಗೆ ಬಂದು ನಳ ತಿರುವಿ ಗಾಳಿಯ ಸಪ್ಪಳ ಕೇಳುತ್ತಾರೆ. ಸಂಜೆ ಗ್ರೂಪಿನಲ್ಲಿ ಜಗಳ.

ಇದಕ್ಕೆ ಪರಿಹಾರ ಎರಡು, ಎರಡೂ ಸಣ್ಣವು. ಯಾವ ಪ್ರಶ್ನೆಗೆ ಉತ್ತರವೋ ಆ ಮೆಸೇಜಿನ ಮೇಲೆ ಬೆರಳಿಟ್ಟು ಬಲಕ್ಕೆ ಎಳೆಯಿರಿ. ಆ ಪ್ರಶ್ನೆ ನಿಮ್ಮ ಉತ್ತರಕ್ಕೆ ಅಂಟಿಕೊಂಡು ಬರುತ್ತದೆ, ನಡುವೆ ಎಷ್ಟೇ ಮೆಸೇಜು ತೂರಿದರೂ ಗೊಂದಲವಿಲ್ಲ. ಎರಡನೆಯದು, ಉತ್ತರದಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಇರಲೇಬೇಕು. ‘4ನೇ ಕ್ರಾಸಿಗೆ ನಳಾ 6:20ಕ್ಕ ಬಂತ್ರಿ, ಧಾರಿ ಸಣ್ಣದೈತಿ.’ ಇಷ್ಟಾದರೆ 5ನೇ ಕ್ರಾಸಿನವರು ತಮಗೆ ಯಾವಾಗ ಬಂದೀತೆಂದು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಮೆಸೇಜಿನ ಮೂಲೆಯಲ್ಲಿ ವಾಟ್ಸ್‌ಆ್ಯಪ್ ತಾನೇ ಹೊತ್ತು ತೋರಿಸುತ್ತದಲ್ಲ ಎಂದು ಕೇಳಬಹುದು. ತೋರಿಸುತ್ತದೆ, ನಿಜ. ಆದರೆ ಅದನ್ನು ಯಾರಾದರೂ ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಮಾಡಿದ ಕೂಡಲೇ ಮೂಲದ ಹೊತ್ತೂ ಹೋಗುತ್ತದೆ, ಬರೆದವರ ಹೆಸರೂ ಹೋಗುತ್ತದೆ. ಬೆಳಗ್ಗೆ ಬರೆದ ‘ಈಗ ಬಂತು’ ಮಧ್ಯಾಹ್ನ ಹೊಸದಾಗಿ ಓಡಾಡುತ್ತದೆ. ‘ಈಗ’ ಎಂಬ ಶಬ್ದವನ್ನೇ ಇಂಥ ಉತ್ತರಗಳಿಂದ ತೆಗೆಯಿರಿ.

ಬೇರೆಯವರು ‘ಬಂತು’ ಎಂದಷ್ಟೇ ಬರೆದರೆ ‘ಸರಿಯಾಗಿ ಬರೀರಿ’ ಎಂದು ಪಾಠ ಹೇಳಬೇಡಿ. ಮುಂದಿನ ಸಲ ಅವರು ಅಷ್ಟೂ ಬರೆಯುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿ: ‘ಯಾವ ಕ್ರಾಸ್‌ನ್ಯಾಗ್ರಿ?’ ಒಂದೇ ಯಾಕೆಂದರೆ, ಒಂದು ಶಬ್ದ ಬರೆಯುವವರು ಒಂದು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಮೂರು ಪ್ರಶ್ನೆ ಒಟ್ಟಿಗೆ ಇಟ್ಟರೆ ಕೊನೆಯದಕ್ಕೆ ಮಾತ್ರ ಉತ್ತರ ಬರುತ್ತದೆ, ಇಲ್ಲವೇ ಮೂರಕ್ಕೂ ಸೇರಿಸಿ ಮತ್ತೊಂದು ‘ಹೂಂ’ ಬರುತ್ತದೆ. ಪ್ರಶ್ನೆ ಸಹ ಒಂದು ಶಬ್ದದಲ್ಲಿ ಉತ್ತರಿಸುವಂತೆ ಇರಲಿ. ‘ಏನಾತ್ರಿ?’ ಎಂದು ಕೇಳಿದರೆ ಕಥೆ ಬರೆಯಬೇಕಾಗುತ್ತದೆ. ‘ಟ್ರಾನ್ಸ್‌ಫಾರ್ಮರ್ ಸುಟ್ಟೈತೋ, ಬರೇ ನಿಮ್ಮ ಮನೀ ಫ್ಯೂಸೋ?’ ಎಂದರೆ ಅವರು ‘ಟಿಸಿ’ ಎಂದು ಬರೆದು ಮುಗಿಸಬಹುದು, ಹೆಸ್ಕಾಂನ 1912ಕ್ಕೆ ಏನು ಹೇಳಬೇಕೆಂದು ನಿಮಗೂ ತಿಳಿಯುತ್ತದೆ.

ಗ್ರೂಪಿನಲ್ಲಿ ಪ್ರಶ್ನೆಯೊಂದು ಉತ್ತರವಿಲ್ಲದೆ ಬಿದ್ದಿದ್ದರೆ ಅದನ್ನು ಗಮನಿಸುವುದು ಅಡ್ಮಿನ್ ಕೆಲಸ. ಹಳಬರ ಪ್ರಶ್ನೆಗೆ ಯಾರಾದರೂ ಉತ್ತರಿಸಿಯೇ ಇರುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ‘ಕಸದ ಗಾಡಿ?’ ಎಂದು ಕೇಳಿ ಯಾರೂ ಮಾತಾಡದಿದ್ದರೆ ಅವರು ಮುಂದೆ ಕೇಳುವುದೇ ಇಲ್ಲ. ನಿಮಗೆ ಗೊತ್ತಿಲ್ಲದಿದ್ದರೂ ‘ನಮ್ಮ ಕಡೆ ಇನ್ನೂ ಬಂದಿಲ್ರಿ, 2ನೇ ಕ್ರಾಸಿನವರು ಯಾರರ ಹೇಳ್ರಿ’ ಎಂದು ಒಂದು ಸಾಲು ಹಾಕಿ.

ಇನ್ನು ‘ಹೂಂ’, ‘ಓಕೆ’, ‘ಆತ್ರಿ’, ಹೆಬ್ಬೆರಳು. ಇವು ‘ತಿಳೀತು’ ಎನ್ನುವ ಸಂಕೇತಗಳು. ಲೆಕ್ಕ ಹಾಕಿ ನೋಡಿ: ಇನ್ನೂರು ಜನರ ಗ್ರೂಪಿನಲ್ಲಿ ಇಪ್ಪತ್ತು ಮಂದಿ ‘ಓಕೆ’ ಬರೆದರೆ ಒಟ್ಟು ನಾಲ್ಕು ಸಾವಿರದ ಹತ್ತಿರ ಸಲ ಫೋನುಗಳು ಸಪ್ಪಳ ಮಾಡುತ್ತವೆ. ನೀವು ಪ್ರತಿಯೊಬ್ಬರಿಗೂ ‘ಧನ್ಯವಾದ ಸರ್’ ಎಂದರೆ ಇನ್ನೊಂದು ನಾಲ್ಕು ಸಾವಿರ. ಹಿರಿಯರು ಗ್ರೂಪ್ ಬಿಡುವುದು ಇದಕ್ಕೇ. 2022ರಿಂದ ವಾಟ್ಸ್‌ಆ್ಯಪಿನಲ್ಲಿ ರಿಯಾಕ್ಷನ್ ಇದೆ: ಮೆಸೇಜನ್ನು ಒತ್ತಿ ಹಿಡಿದರೆ ಮೇಲೆ ಗುರುತುಗಳ ಸಾಲು ಬರುತ್ತದೆ, ಬೇಕಾದ್ದನ್ನು ಒತ್ತಿದರೆ ಅದು ಆ ಮೆಸೇಜಿನ ಬುಡಕ್ಕೆ ಅಂಟಿಕೊಳ್ಳುತ್ತದೆ. ಅದರ ಸೂಚನೆ ಹೋಗುವುದು ಮೆಸೇಜು ಬರೆದವರಿಗೆ ಮಾತ್ರ, ಉಳಿದವರ ಫೋನು ಸುಮ್ಮನಿರುತ್ತದೆ. ‘ಹೂಂ’ ಎಂದವರಿಗೆ ನೀವು ತಿರುಗಿ ಕೊಡಬೇಕಾದ್ದು ಇಷ್ಟೇ, ಒಂದು ಕೈಮುಗಿದ ಗುರುತು. ಅವರನ್ನು ಲೆಕ್ಕಕ್ಕೆ ಹಿಡಿದಿದ್ದೀರಿ ಎಂದು ಅವರಿಗೂ ಗೊತ್ತಾಗುತ್ತದೆ, ಕಿಮ್ಮತ್ತಿನ ಮಾತೂ ಬರುವುದಿಲ್ಲ. ಶಬ್ದದಲ್ಲಿ ಧನ್ಯವಾದ ಹೇಳಲೇಬೇಕೆಂದಿದ್ದರೆ ದಿನದ ಕೊನೆಗೆ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿ.

ಆದರೆ ರೊಕ್ಕ ಅಥವಾ ಜವಾಬ್ದಾರಿ ಬಂದಲ್ಲಿ ಹೆಬ್ಬೆರಳನ್ನು ಹೀಗೆ ಹಗುರಾಗಿ ಬಿಡುವಂತಿಲ್ಲ. ನಿಮ್ಮ ಪಟ್ಟಿಯ ಜಗಳಕ್ಕೆ ಸರಿಯಾಗಿ ಹೋಲುವ ಪ್ರಕರಣವೊಂದು ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ನಡೆದಿದೆ. 2021ರ ಮಾರ್ಚಿನಲ್ಲಿ ಧಾನ್ಯ ಖರೀದಿದಾರನೊಬ್ಬ ರೈತನಿಗೆ ಅಗಸಿ ಖರೀದಿಯ ಕರಾರುಪತ್ರದ ಫೋಟೋ ಕಳಿಸಿ, ಖಚಿತಪಡಿಸು ಎಂದು ಬರೆದ. ರೈತ ಹೆಬ್ಬೆರಳು ಕಳಿಸಿದ. ಮಾಲು ಕೊಡಬೇಕಾದ ನವೆಂಬರ್ ಹೊತ್ತಿಗೆ ಅಗಸಿಯ ದರ ಏರಿತ್ತು, ರೈತ ಕೊಡಲಿಲ್ಲ. ‘ಕರಾರುಪತ್ರ ಮುಟ್ಟಿತು ಅಂತ ಒತ್ತಿದ್ದೆ, ಒಪ್ಪಿದೆ ಅಂತಲ್ಲ’ ಎಂಬುದು ಅವನ ವಾದ. 2023ರಲ್ಲಿ ನ್ಯಾಯಾಲಯ ಆ ವಾದ ಒಪ್ಪಲಿಲ್ಲ. ಅವರಿಬ್ಬರ ನಡುವೆ ಹಿಂದೆಯೂ ‘ಓಕೆ’ಯಂಥ ಗಿಡ್ಡ ಉತ್ತರದಿಂದಲೇ ವ್ಯವಹಾರ ಕುದುರಿ ಮಾಲು ಹೋಗಿತ್ತು, ಹಾಗಾಗಿ ಈ ಹೆಬ್ಬೆರಳೂ ಒಪ್ಪಿಗೆಯೇ ಎಂದು ಹೇಳಿ, 82,000 ಕೆನಡಾ ಡಾಲರಿಗಿಂತ ಹೆಚ್ಚು ಪರಿಹಾರ ಕೊಡಲು ಆದೇಶಿಸಿತು. ನಮ್ಮಲ್ಲಿ ಆ ತೀರ್ಪು ಲಾಗೂ ಆಗುವುದಿಲ್ಲ. ಆದರೆ ಒಪ್ಪಂದ ಎಲೆಕ್ಟ್ರಾನಿಕ್ ರೂಪದಲ್ಲಿ ಆಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮೂ ಹೇಳುತ್ತದೆ. ಟ್ಯಾಂಕರ್ ನೀರು, ಮದುವೆಗೆ ರೊಟ್ಟಿ, ಪೆಂಡಾಲು ಎಂದು ಗ್ರೂಪಿನಲ್ಲೇ ಆರ್ಡರ್ ಕೊಡುವವರು ಇದನ್ನು ನೆನಪಿಡಬೇಕು.

ಗಣೇಶನ ಪಟ್ಟಿ ವ್ಯಾಪಾರವಲ್ಲ, ಯಾರೂ ಕೋರ್ಟಿಗೆ ಹೋಗುವುದಿಲ್ಲ. ಗೊಂದಲ ಮಾತ್ರ ಅದೇ. ತಪ್ಪು ಹೆಬ್ಬೆರಳು ಒತ್ತಿದವರದಲ್ಲ, ಹೆಬ್ಬೆರಳಿಗೆ ಜಾಗ ಬಿಟ್ಟ ಮೆಸೇಜಿನದು. ಮುಂದಿನ ಸಲ ಕೇಳುವಾಗಲೇ ಹೀಗೆ ಬರೆಯಿರಿ: ‘ಪಟ್ಟಿ ಕೊಡೋರು ಮನಿ ನಂಬರ್ ಮತ್ತ ಎಷ್ಟು ಅಂತ ನನಗ ಪರ್ಸನಲ್ಲಾಗಿ ಕಳಸ್ರಿ. ಇಲ್ಲಿ ಹೆಬ್ಬೆರಳು ಒತ್ತಿದ್ರ ಓದೀರಿ ಅಂತಷ್ಟ ತಿಳಕೋತೀವಿ.’ ಗುರುತಿನ ಅರ್ಥವನ್ನು ನೀವೇ ಮೊದಲು ಕಟ್ಟಿಬಿಟ್ಟರೆ ಆಮೇಲೆ ವಾದಕ್ಕೆ ಆಸ್ಪದವಿಲ್ಲ. ಈಗ ಒತ್ತಿ ಕುಳಿತಿರುವವರಿಗೆ ಗ್ರೂಪಿನಲ್ಲಿ ಏನೂ ಕೇಳಬೇಡಿ. ಖಾಸಗಿಯಾಗಿ, ಹಿಂದೆ ಸರಿಯಲು ದಾರಿ ಬಿಟ್ಟು ಕೇಳಿ: ‘ಕಾಕಾರ, ಪಟ್ಟಿಗೆ ನಿಮ್ಮ ಹೆಸರು ಬರೀಲೇನ್ರಿ, ಈ ಸಲ ಬ್ಯಾಡೇನ್ರಿ? ಹ್ಯಾಂಗಿದ್ರೂ ನಡೀತೈತಿ.’ ಎರಡನೆಯ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ ಮೊದಲನೆಯದು ವಸೂಲಿಯಾಗುತ್ತದೆ.

ಇಂಥದ್ದಕ್ಕೆ ಪೋಲ್ ಹಾಕುವ ರೂಢಿ ಬೆಳೆದಿದೆ. ಸಭೆ ಶನಿವಾರವೋ ಭಾನುವಾರವೋ, ಬಣ್ಣ ಹಳದಿಯೋ ಬಿಳಿಯೋ, ಇಂಥವಕ್ಕೆ ಪೋಲ್ ಒಳ್ಳೆಯದು. ಒಂದಕ್ಕಿಂತ ಹೆಚ್ಚು ಆಯ್ಕೆಗೆ ಅವಕಾಶ ಕೊಡುವ ಗುಂಡಿಯನ್ನು ಬಂದ್ ಮಾಡಿ, ಇಲ್ಲದಿದ್ದರೆ ಕೆಲವರು ಎರಡನ್ನೂ ಒತ್ತಿ ಎಣಿಕೆ ಕೆಡುತ್ತದೆ. ರೊಕ್ಕಕ್ಕೆ ಮಾತ್ರ ಪೋಲ್ ಬೇಡವೇ ಬೇಡ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಹೆಸರು ಸಮೇತ ಎಲ್ಲರಿಗೂ ಕಾಣುತ್ತದೆ. ‘ಆಗುವುದಿಲ್ಲ’ ಎಂದು ಇನ್ನೂರು ಜನರೆದುರು ಒತ್ತುವಂತೆ ಮಾಡುವುದು ಕೈ ಕಟ್ಟಿರುವ ಸಂಸಾರಸ್ಥರಿಗೆ ಮಾಡುವ ಅವಮಾನ.

‘ನೋಡೋಣ’, ‘ನೋಡೂಣ್ರಿ’ ಎಂಬ ಉತ್ತರ ಬಂದರೆ ಅದನ್ನು ನಯವಾದ ‘ಇಲ್ಲ’ ಎಂದೇ ಓದಿಕೊಳ್ಳಿ. ಮುಖದ ಮೇಲೆ ‘ಆಗಂಗಿಲ್ಲ’ ಎನ್ನಲು ನಮ್ಮ ಕಡೆ ಮಂದಿ ಹಿಂಜರಿಯುತ್ತಾರೆ. ಗಡುವಿಗೆ ಎರಡು ದಿನ ಮೊದಲು ಖಾಸಗಿಯಾಗಿ ಒಮ್ಮೆ ನೆನಪಿಸಿ, ಮತ್ತೆ ‘ನೋಡೋಣ’ ಬಂದರೆ ಅಲ್ಲಿಗೆ ಬಿಡಿ.

ಈಗ ಚುಚ್ಚುವ ಗಿಡ್ಡ ಮೆಸೇಜುಗಳು: ‘ಯಾಕೆ?’, ‘ಸಾಕು’, ನಿಮಗೆ ಬಂದ ‘ಸುಳ್ಳು’. ಇಲ್ಲಿ ಎರಡು ಹೆಜ್ಜೆ ನಿಧಾನವಾಗಿ ಇಡಬೇಕು.

ಎದುರಿಗೆ ನಿಂತು ಮಾತಾಡುವಾಗ ಧಾರವಾಡದ ಕಡೆಯವರ ಬಾಯಿಂದ ‘ಯಾಕೆ’ ಬರುವುದಿಲ್ಲ, ‘ಯಾಕ್ರಿ’ ಬರುತ್ತದೆ. ಆ ‘ರಿ’ಯಲ್ಲೇ ಮರ್ಯಾದೆ ಇರುತ್ತದೆ. ಫೋನಿನಲ್ಲಿ ಬರೆಯುವಾಗ ‘ಯಾಕೆ’ಗೆ ನಾಲ್ಕು ಒತ್ತು, ‘ಯಾಕ್ರಿ’ಗೆ ಆರು. ಅವಸರದಲ್ಲಿ ಮೊದಲು ಬಿದ್ದುಹೋಗುವುದು ಮರ್ಯಾದೆಯ ಭಾಗವೇ. ಇದರ ಜೊತೆಗೆ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ, ಬ್ಯಾಂಕುಗಳು, ಕಾಲೇಜುಗಳು ಬೇರೆ. ವರ್ಗವಾಗಿ ಮೈಸೂರು, ಬೆಂಗಳೂರು ಕಡೆಯಿಂದ ಬಂದವರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ಅವರ ಮಾತಿನಲ್ಲಿ ‘ರಿ’ ಇಷ್ಟು ಬರುವುದಿಲ್ಲ, ‘ಯಾಕೆ?’ ಎಂಬುದು ಅವರಿಗೆ ಬರೀ ಪ್ರಶ್ನೆ. ನಮ್ಮ ಕಿವಿಗೆ ಅದು ಬಿರುಸಾಗಿ ಕೇಳಿಸುತ್ತದೆ. ಆದ್ದರಿಂದ ಬಿರುಸಾಗಿ ಕಂಡ ಗಿಡ್ಡ ಪ್ರಶ್ನೆಗೆ, ಅದು ನಯವಾಗಿ ಕೇಳಿದ್ದು ಎಂದೇ ತಿಳಿದು ಉತ್ತರಿಸಿ. ‘ಸಭೆ ಮುಂದಕ್ಕೆ ಹೋಗಿದೆ’ ಎಂದದ್ದಕ್ಕೆ ‘ಯಾಕೆ?’ ಬಂದರೆ ‘ಸಮುದಾಯ ಭವನದ ಕೀಲಿ ಭಾನುವಾರ ಸಿಗೂದಿಲ್ರಿ, ಅದಕ್ಕ’ ಎಂದು ಕಾರಣ ಕೊಡಿ. ಅವರು ನಯವಾಗಿಯೇ ಕೇಳಿದ್ದರೆ ಉತ್ತರ ಸಿಕ್ಕಿತು. ಚುಚ್ಚಲೆಂದೇ ಕೇಳಿದ್ದರೂ ಮುಂದುವರಿಸಲು ಅವರಿಗೆ ಹಿಡಿ ಸಿಗುವುದಿಲ್ಲ.

‘ಸುಳ್ಳು’ ಎಂಬುದು ಹಾಗಲ್ಲ, ಅದು ಆರೋಪ. ‘ಏನ್ರಿ ಹಂಗಂದ್ರ?’ ಎಂದು ಕೇಳಿದ ಕೂಡಲೇ ವಿಷಯ ಲೆಕ್ಕದಿಂದ ಜಾರಿ ಮಾನಕ್ಕೆ ಹೋಗುತ್ತದೆ, ಆಮೇಲೆ ರಸೀದಿ ತೋರಿಸಿದರೂ ಯಾರೂ ನೋಡುವುದಿಲ್ಲ. ಆರೋಪ ಎಲ್ಲರೆದುರು ಬಂದಿರುವುದರಿಂದ ಅಂಕಿಯೂ ಎಲ್ಲರೆದುರೇ ಬರಬೇಕು. ‘ಯಾವ ಬಾಬ್ತಿನ್ಯಾಗ ತಪ್ಪು ಕಂಡೈತ್ರಿ ಸರ್? ಪೆಂಡಾಲು, ಲೈಟಿಂಗ್, ಪ್ರಸಾದ, ಮೂರರ ರಸೀದಿನೂ ಕೆಳಗ ಹಾಕೇನಿ’ ಎಂದು ಬರೆದು ಫೋಟೋ ಹಾಕಿ. ಅಷ್ಟೇ. ನಿಮಗಾದ ನೋವನ್ನು ಆ ಮೆಸೇಜಿನೊಳಗೆ ಸೇರಿಸಬೇಡಿ. ಅದನ್ನು ಹೇಳಲೇಬೇಕೆನಿಸಿದರೆ ಸಂಜೆ ಅವರ ಮನೆಗೆ ಹೋಗಿ, ಇಲ್ಲವೇ ಫೋನ್ ಮಾಡಿ. ಬರೆಯುವುದು ಬೇಡ, ಖಾಸಗಿ ಚಾಟಿನ ಸ್ಕ್ರೀನ್‌ಶಾಟ್ ಮರುದಿನ ಗ್ರೂಪಿಗೇ ಬರಬಹುದು.

ಸಿಟ್ಟಿನಲ್ಲಿ ಬರೆದದ್ದನ್ನು ಆಮೇಲೆ ತಿದ್ದಬಹುದು ಎಂದು ನಂಬಿ ಕೂರಬೇಡಿ. ಕಳಿಸಿದ 15 ನಿಮಿಷದವರೆಗೆ ತಿದ್ದಲು ಬರುತ್ತದೆ, ಆದರೆ ‘ತಿದ್ದಲಾಗಿದೆ’ ಎಂಬ ಗುರುತು ಉಳಿಯುತ್ತದೆ. ಅಳಿಸಿದರೂ ಅಳಿಸಿದ್ದೀರಿ ಎಂಬ ಸಾಲು ಅಲ್ಲೇ ಇರುತ್ತದೆ. ‘ಏನ್ ಬರದಿದ್ರು?’ ಎಂಬ ಕುತೂಹಲಕ್ಕೆ ಅಷ್ಟು ಸಾಕು. ಅಡ್ಮಿನ್ ಆಗಿ ನೀವು ಬೇರೆಯವರ ಮೆಸೇಜನ್ನೂ ಅಳಿಸಬಹುದು. ‘ಸುಳ್ಳು’ ಎಂಬುದನ್ನು ಮಾತ್ರ ಅಳಿಸಬೇಡಿ, ಅಳಿಸಿದರೆ ಅದು ನಿಜವೆಂದು ನೀವೇ ಸಾರಿದಂತೆ. ಬೈಗುಳ, ಜಾತಿ ಮಾತು ಬಂದರೆ ಅದು ಬೇರೆ ವಿಷಯ, ಕೂಡಲೇ ತೆಗೆಯಿರಿ.

ಹೆಸರು ಟ್ಯಾಗ್ ಮಾಡುವಾಗ ಒಂದು ಎಚ್ಚರ. ಟ್ಯಾಗಿನಲ್ಲಿ ಕಾಣುವುದು ಆಯಾ ಓದುಗರ ಫೋನಿನಲ್ಲಿ ಆ ವ್ಯಕ್ತಿಯನ್ನು ಹೇಗೆ ಉಳಿಸಿಕೊಂಡಿದ್ದಾರೋ ಆ ಹೆಸರು. ನೀವು ಗೌರವದಿಂದ ‘ಮಾಸ್ತರು’ ಎಂದು ಉಳಿಸಿಕೊಂಡಿದ್ದರೂ ಬೇರೆಯವರ ಫೋನಿನಲ್ಲಿ ಬರೀ ಹೆಸರು ಕಾಣಬಹುದು, ಎಲ್ಲರೆದುರು ಏಕವಚನದಲ್ಲಿ ಕರೆದಂತೆ. ಟ್ಯಾಗಿನ ಮುಂದೆ ‘ಸರ್’, ‘ಕಾಕಾರ’, ‘ಅಕ್ಕಾರ’ ಎಂದು ಕೈಯಾರೆ ಸೇರಿಸಿ. ಅವರು ನಿಮಗೆ ‘ನೀನು’ ಎಂದು ಬರೆದರೂ ನೀವು ಬಹುವಚನ ಬಿಡಬೇಡಿ.

ಸಾವಿನ ಸುದ್ದಿಗೆ ‘ಓಂ ಶಾಂತಿ’ ಎಂಬ ಎರಡು ಶಬ್ದ ಪೂರ್ತಿ ಸಾಕು, ಅದನ್ನು ಉದ್ದ ಮಾಡುವ ಅಗತ್ಯವಿಲ್ಲ. ಹೆಬ್ಬೆರಳು ಮಾತ್ರ ಅಲ್ಲಿ ಬರಲೇಬಾರದು. ತಿಳಿಯದೆ ಒತ್ತಿದವರಿಗೆ ಖಾಸಗಿಯಾಗಿ ಹೇಳಿದರೆ ಅದೇ ಜಾಗದಲ್ಲಿ ಮತ್ತೊಮ್ಮೆ ಒತ್ತಿ ತೆಗೆಯಬಹುದು. ಸುದ್ದಿಯ ಬೆನ್ನಿಗೇ ‘ಯಾರು?’, ‘ಮಣ್ಣು ಎಷ್ಟೊತ್ತಿಗೆ?’ ಎಂಬ ಪ್ರಶ್ನೆಗಳು ಬೀಳುತ್ತವೆ. ಮನೆಯವರು ಅದಕ್ಕೆ ಉತ್ತರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಅಡ್ಮಿನ್ ಆದ ನೀವು ಹೆಸರು, ಮನೆ, ಹೊತ್ತು, ಜಾಗ, ಇಷ್ಟನ್ನು ಅವರ ಹತ್ತಿರದ ಒಬ್ಬರಿಂದ ಕೇಳಿಕೊಂಡು ಒಂದೇ ಮೆಸೇಜು ಹಾಕಿ, ಅದನ್ನು 24 ತಾಸಿಗೆ ಪಿನ್ ಮಾಡಿ. ಪಿನ್ ಮಾಡಿದ್ದು ಚಾಟಿನ ತುದಿಯಲ್ಲಿ ಕಾಣುತ್ತಿರುತ್ತದೆ, ಶೋಕದ ಮೆಸೇಜುಗಳ ಕೆಳಗೆ ಹೂತುಹೋಗುವುದಿಲ್ಲ. ಆ ಹೊತ್ತಿನಲ್ಲಿ ಬರುವ ‘ನಳಾ?’ಕ್ಕೆ ಗ್ರೂಪಿನಲ್ಲಿ ಉತ್ತರಿಸದೆ ಕೇಳಿದವರಿಗೇ ನೇರವಾಗಿ ಕಳಿಸಿ.

ಮೌನದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೀವು ಕಳಿಸಿದ ಮೆಸೇಜಿನ ‘ಇನ್ಫೋ’ ತೆರೆದರೆ ಯಾರು ಓದಿದರು ಎಂಬ ಪಟ್ಟಿ ಸಿಗುತ್ತದೆ. ಅದನ್ನು ನೋಡಿ ‘ಎಲ್ಲಾರೂ ಓದೀರಿ, ಒಬ್ಬರೂ ಮಾತಾಡವಲ್ರಿ’ ಎಂದು ಬರೆಯಬೇಡಿ. ಕೆಲವರ ಫೋನನ್ನು ಮೊಮ್ಮಕ್ಕಳು ತೆರೆದಿರುತ್ತಾರೆ. ಬರೀ ತಿಳಿಸಲು ಹಾಕಿದ ಮೆಸೇಜಿಗೆ ಮೌನವೇ ಸರಿಯಾದ ಪ್ರತಿಕ್ರಿಯೆ. ಉತ್ತರ ಬೇಕೇ ಬೇಕಿದ್ದರೆ ಕೊನೆಯ ಸಾಲಿನಲ್ಲಿ ಯಾರಿಂದ, ಯಾವಾಗಿನೊಳಗೆ ಎಂದು ಬರೆಯಿರಿ: ‘3ನೇ ಕ್ರಾಸಿನವರು ಮಾತ್ರ, ಇವತ್ತ ರಾತ್ರಿ 9ರೊಳಗ.’

ಇನ್ನು, ಬರೆಯಲು ಕಷ್ಟಪಡುವ ಹಿರಿಯರಿಗೆ ನೀವು ಮಾಡಬಹುದಾದ ಒಂದು ಕೆಲಸವಿದೆ. ಅವರ ಮನೆಗೆ ಹೋದಾಗ ಫೋನಿನ ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ, ಧ್ವನಿ ಟೈಪಿಂಗಿನ ಭಾಷೆಯನ್ನೂ ಕನ್ನಡ ಮಾಡಿ, ಕೀಲಿಮಣೆಯ ಮೇಲಿನ ಮೈಕಿನ ಗುರುತು ತೋರಿಸಿ. ಅದನ್ನು ಒತ್ತಿ ಮಾತಾಡಿದರೆ ಅಕ್ಷರ ತಾನೇ ಮೂಡುತ್ತದೆ. ಮೆಸೇಜು ಬರೆಯುವ ಪಟ್ಟಿಯ ಬಲಕ್ಕಿರುವ ಇನ್ನೊಂದು ಮೈಕು ಬೇರೆ, ಅದು ಧ್ವನಿ ಮೆಸೇಜಿಗೆ. ಎರಡನ್ನೂ ಅವರ ಕೈಯಿಂದಲೇ ಒಮ್ಮೊಮ್ಮೆ ಒತ್ತಿಸಿ, ನಿಮಗೇ ಒಂದು ಮೆಸೇಜು ಕಳಿಸಲು ಹೇಳಿ. ಧ್ವನಿ ಟೈಪಿಂಗು ಧಾರವಾಡದ ಮಾತನ್ನು ಎಲ್ಲ ಸಲವೂ ಸರಿಯಾಗಿ ಹಿಡಿಯುವುದಿಲ್ಲ, ‘ರಿ’ ಅಂತೂ ಆಗಾಗ ತಪ್ಪುತ್ತದೆ. ಕಳಿಸುವ ಮುಂಚೆ ಒಮ್ಮೆ ಓದಿ ನೋಡುವ ರೂಢಿಯನ್ನೂ ಜೊತೆಗೇ ಹೇಳಿಕೊಡಿ.